ಮೂರನೇ ರಾಡಿನ ಕ್ಯಾಪ್

ಒಂದೂರಲ್ಲಿ ಒಬ್ಬ ಮೇಷ್ಟ್ರಿದ್ದರು. ಅಜ್ಜಿಯ ಕಥೆಯ ರಾಕ್ಷಸನ ಜೀವ ಗಿಳಿಯೊಳಗಿದ್ದ ಹಾಗೆ ಅವರ ಜೀವ ಒಂದು ಹಳೇ ಕಾರಿನ ಎಂಜಿನ್ನಿನೊಳಗಿತ್ತು. ಆರು ವರ್ಷದಿಂದ ಅದನ್ನು ಕಟ್ಟುತ್ತಿದ್ದರು. ಕೊನೆಗೆ ಬೇಕಾಗಿದ್ದ, ಪಿಸ್ಟನ್ನುಗಳನ್ನು ಹಿಡಿಯುವ ನಾಲ್ಕು ಕನೆಕ್ಟಿಂಗ್ ರಾಡುಗಳನ್ನು ಮಾರಿದವರು ಅದೇ ಹುಚ್ಚಿನ ನನ್ನಪ್ಪ. ತೊಳೆದು ಕಟ್ಟಿ ಕಳಿಸಿದವಳು ನಾನು.

ರಾಡಿನ ಬುಡದಲ್ಲಿ ಅರ್ಧಚಂದ್ರದಂಥ ಕ್ಯಾಪ್ ಇರುತ್ತದೆ, ಅವುಗಳ ನಡುವೆ ಬೇರಿಂಗ್. ರಾಡು, ಕ್ಯಾಪ್ ಎರಡನ್ನೂ ಕೂಡಿಸಿಯೇ ಕೊರೆದಿರುವುದರಿಂದ ಒಂದು ರಾಡಿನ ಕ್ಯಾಪ್ ಇನ್ನೊಂದಕ್ಕೆ ಸರಿಯಾಗಿ ಕೂರದು. ಅದಕ್ಕೇ ಜೋಡಿಗೆ ಒಂದೇ ಅಂಕಿ. ನಮ್ಮಲ್ಲಿ ಅಂಥವೇ ಎರಡು ಎಂಜಿನ್ ಬಿಚ್ಚಿಟ್ಟಿದ್ದರಿಂದ, ಮೇಷ್ಟ್ರಿಗೆಂದು ತೆಗೆದಿಟ್ಟವುಗಳ ಅಂಕಿಯ ಪಕ್ಕ ಅಪ್ಪ ಚುಕ್ಕೆ ಹೊಡೆದಿದ್ದರು. ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ ಟ್ರೇ ಒರೆಸುವಾಗ ಚುಕ್ಕೆಯಿರುವ ಮೂರನೇ ಅಂಕಿಯ ಕ್ಯಾಪ್ ನನ್ನ ಕೈಗೆ ಸಿಕ್ಕಿತು. ಮೇಷ್ಟ್ರ ಮೂರನೇ ರಾಡಿಗೆ ಇನ್ನೊಂದು ಎಂಜಿನ್ನಿನ ಕ್ಯಾಪ್ ಹೋಗಿತ್ತು.

ಹತ್ತು ಗಂಟೆಗೆ ಸ್ಟಾರ್ಟ್ ಮಾಡುತ್ತೇನೆಂದು ಅವರು ಹಿಂದಿನ ದಿನವೇ ತಿಳಿಸಿದ್ದರು. ನಾನು ಮಾಡಿದ ಫೋನು ಸುಮ್ಮನೆ ಹೊಡೆದುಕೊಂಡು ನಿಂತಿತು. ಕಣ್ಣಿನ ಆಪರೇಷನ್ನಾಗಿ ಮಲಗಿದ್ದ ಅಪ್ಪ ವಿಷಯ ಕೇಳಿ ಹೇಳಿದರು:

"ಐದು ನಿಮಿಷ ಓಡಿದ್ರೆ ಸಾಕು, ಬೇರಿಂಗ್ ಸುಟ್ಟು ರಾಡು ಎಂಜಿನ್ ಬ್ಲಾಕನ್ನೇ ಸೀಳ್ಕೊಂಡು ಬರುತ್ತೆ. ಕನಸು ಕಾಣ್ತಾ ಕಟ್ಟಿದ್ದೀಯಲ್ಲ, ನೀನೇ ಹೋಗಿ ಕೈಯಾರೆ ಹಾಕಿ ಬಾ."

ಹಾಕುತ್ತೇನೆಂದು ಮಾತು ಕೊಟ್ಟು ಬಸ್ಸಿಗೆ ಓಡಿದೆ. ಅದು ಸಿಕ್ಕಸಿಕ್ಕಲ್ಲಿ ನಿಂತು ಜನರನ್ನು ತುಂಬಿಕೊಂಡಿತು. ಬಟ್ಟೆಯಲ್ಲಿ ಸುತ್ತಿದ ಕ್ಯಾಪ್ ಮುಷ್ಟಿಯಲ್ಲಿ ಬೆವೆತಿತು. ಹತ್ತಾಯಿತು, ಹತ್ತೂಕಾಲಾಯಿತು. ಕಿಟಕಿಯಾಚೆ ಯಾವ ಗಾಡಿ ಗುರ್ರೆಂದರೂ ಮೇಷ್ಟ್ರದ್ದೇ ಅನ್ನಿಸುತ್ತಿತ್ತು.

ಮೇಷ್ಟ್ರ ಶೆಡ್ಡಿನಲ್ಲಿ ಪಕ್ಕದ ಮನೆಯವರು ತಮ್ಮ ಬ್ಯಾಟರಿಯಿಂದ ವೈರು ಎಳೆಯುತ್ತಿದ್ದರು. ಎಂಜಿನ್ ಬಿಗಿಯಾಗಿ ತಿರುಗದೆ ಮೇಷ್ಟ್ರ ಬ್ಯಾಟರಿ ಆಗಲೇ ಸೋತು ಮಲಗಿತ್ತು. ಹೊಸ ಬೇರಿಂಗ್ ಅಂದಮೇಲೆ ಬಿಗಿ ಇರುವುದೇ ಎಂದು ಮೇಷ್ಟ್ರು ಸಮಾಧಾನ ಮಾಡಿಕೊಂಡಿದ್ದರಂತೆ.

"ಸಾರ್, ಕೀಲಿ ತಿರುಗಿಸ್ಬೇಡಿ. ತಪ್ಪು ಕ್ಯಾಪ್ ಕಳಿಸಿದೀನಿ."

ಮೇಷ್ಟ್ರು ನನ್ನ ಕೈಯಿಂದ ಕ್ಯಾಪ್ ತೆಗೆದುಕೊಂಡು ಚುಕ್ಕೆಯನ್ನು ಬೆರಳಿನಿಂದ ಸವರಿದರು. ಬೈಯಲಿ, ಮುಗಿದುಹೋಗಲಿ ಎಂದು ಕಾದೆ.

"ಹಾಕೋವಾಗ ನಾನೂ ನೋಡ್ಬೇಕಿತ್ತು," ಎಂದರು. "ಇಬ್ರೂ ಫೇಲು. ಸ್ಪಾನರ್ ತಗೊ."

ಬಾಗಿಲಲ್ಲಿದ್ದ ಅವರ ಹೆಂಡತಿ, "ಆರು ವರ್ಷದಿಂದ ನನ್ಗಿಂತ ಇದನ್ನೇ ಹೆಚ್ಚು ಮಾತಾಡಿಸಿದಾರೆ. ಅದಕ್ಕೇನೂ ಆಗಿಲ್ಲ ತಾನೇ?" ಎಂದು ಕೇಳಿದರು. ಇನ್ನೂ ಗೊತ್ತಿರಲಿಲ್ಲ.

ಕಾರಿನಡಿ ಮಲಗಿ, ಆಯಿಲ್ ಇಳಿಸಿ, ಎಂಜಿನ್ನಿನ ಕೆಳಗಿನ ತಟ್ಟೆ ಬಿಚ್ಚಿದೆ. ಕೆನ್ನೆಗೆ ಆಯಿಲ್ ತೊಟ್ಟು ಬೀಳುತ್ತಿತ್ತು. ತಪ್ಪು ಕ್ಯಾಪ್ ಕಳಚಿ ಬೇರಿಂಗಿಗೆ ಟಾರ್ಚ್ ಹಿಡಿದೆ. ಗೀರು ಬಿದ್ದಿರಲಿಲ್ಲ. ಸರಿಯಾದದ್ದನ್ನು ಕೂರಿಸಿದೆ. ಒಂದು ನಟ್ಟು ಬಿಗಿದೆ. ಇನ್ನೊಂದರ ಮೇಲೆ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಸಾಕೆಂಬಂತೆ ಟಕ್ಕೆಂದಿತು. ಮೇಷ್ಟ್ರು ಮೇಲಿನಿಂದ ಕೈಯಲ್ಲೇ ಎಂಜಿನ್ ತಿರುಗಿಸಿದರು, ಸಲೀಸಾಗಿ ತಿರುಗಿತು.