ಆಜಿಯ ಎರಡು ಹಲ್ಲಿಗೆ ಒಂದು ಹೋತ

ಬುಧನಿ ಆಜಿಯ ಬಾಯಲ್ಲಿ ಉಳಿದಿದ್ದುದು ಎರಡೇ ಹಲ್ಲು. ಒಂದು ಮೇಲೆ, ಒಂದು ಕೆಳಗೆ. ಹಳೆಯ ಬೀಗರ ಹಾಗೆ ಎದುರುಬದುರು ಕೂತು ಒಂದನ್ನೊಂದು ನೋಡಿಕೊಂಡಿರುತ್ತಿದ್ದವು. ಈ ಸಲ ಭತ್ತ ಕಣಕ್ಕೆ ಬರುವ ಹೊತ್ತಿಗೆ ಮೇಲಿನದು ಅಲುಗಾಡತೊಡಗಿತು. ಆಜಿ ಅದನ್ನು ನಾಲಿಗೆಯಲ್ಲಿ ತಳ್ಳಿ ನೋಡಿ, ಮೊಮ್ಮಗಳು ಸಿಲ್ವಂತಿಯನ್ನು ಕೂಗಿದಳು.

"ಏ ಹುಡುಗಿ, ಇದು ಬರೋ ವರ್ಷದ ತನಕ ಇರಲ್ಲ ಕಣೇ. ಗೆದ್ದ ಖಸ್ಸಿ ಹೋತ ತಿನ್ನಿಸ್ತೀನಿ ಅಂತ ಮೊಣಕಾಲುದ್ದ ಇದ್ದಾಗಿಂದ ಹೇಳ್ತಾ ಬಂದಿದ್ದೀಯ. ಎಲ್ಲಿ?"

"ಸಂತೇಲಿ ತಂದ್ಕೊಡ್ಲಾ ಆಜಿ?"

"ಸಂತೇದು ಯಾರಿಗೆ ಬೇಕು! ಗೆದ್ದಿದ್ದು ಬೇಕು. ಅದರ ರುಚಿನೇ ಬೇರೆ ಅಂತಾರೆ. ಅಂತಾರೆ ಅಷ್ಟೇ, ನಾನೇನು ಕಂಡಿದ್ದೀನಾ?"

ಕಂಡಿರಲಿಲ್ಲ, ನಿಜ. ಸಿಮ್ಡೇಗಾದ ಕಾಡಿನ ಸೆರಗಿನ ಊರುಗಳಲ್ಲಿ ಕೊಯ್ಲು ಮುಗಿದದ್ದೇ ಹೆಂಗಸರು ಸೀರೆ ಎತ್ತಿ ಕಟ್ಟಿ, ಹಾಕಿ ಆಟಕ್ಕೆ ಕೋಲು ಹಿಡಿಯುತ್ತಾರೆ. ಗೆದ್ದ ಊರು ಕೊಬ್ಬಿದ ಖಸ್ಸಿ ಹೋತವನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತ ಹೋಗುತ್ತದೆ. ಸೋತ ಊರು ಒಂದು ಕೋಳಿ ಹಿಡಿದು ತಲೆ ತಗ್ಗಿಸಿ ನಡೆಯುತ್ತದೆ. ಆಜಿಯ ಊರು ಜಾಮ್‌ಟೋಲಿಗೆ ಅಜ್ಜಂದಿರ ಕಾಲದಿಂದಲೂ ಕೋಳಿಯೇ. ಅದರ ಕೂಗಿಗೆ ಊರು ಎದ್ದಾಗಲೆಲ್ಲ ಸೋಲೇ ನೆನಪಾಗುತ್ತಿತ್ತು.

ಹಾಗಿರುವಾಗ ಸಿಲ್ವಂತಿಯ ಅಣ್ಣ ಪಿತ್ರಾಟೋಲಿಯ ಮಗ್ದಲಿಯನ್ನು ಮದುವೆಯಾಗಿ ಕರೆತಂದ. ಮಗ್ದಲಿ ಅಂದರೆ ಚೆಂಡನ್ನು ಕೋಲಿನ ತುದಿಗೆ ಅಂಟಿಸಿಕೊಂಡೇ ಹುಟ್ಟಿದವಳು. ಅವಳ ದೆಸೆಯಿಂದ ಪಿತ್ರಾಟೋಲಿ ಅದೆಷ್ಟು ಹೋತ ತಿಂದಿತ್ತೋ! ಮದುಮಗಳು ಹೊಸಿಲು ದಾಟುವಾಗ ಜಾಮ್‌ಟೋಲಿಯವರು ಮುಖ ನೋಡಲಿಲ್ಲ, ಮೀನಖಂಡ ನೋಡಿದರು. ತಂಡದ ಮುಂದಾಳು ಸಿಲ್ವಂತಿಯಂತೂ ಅಂದೇ ಕನಸಿನಲ್ಲಿ ಹೋತ ಹೊತ್ತಳು.

ಆದರೆ ಹೋತಕ್ಕೆ ಮೊದಲು ಮಾರ್ಕುಸ್ ಬಂದ.

ಮಾರ್ಕುಸ್‌ಗೆ ಈಗಷ್ಟೇ ಹಲ್ಲು ಮೂಡುವ ಕಾಲ. ಅಮ್ಮ ಒಂದು ಮಾರು ಆಚೆ ಹೋದರೂ ಬಾಯಿ ತೆರೆಯುತ್ತಿದ್ದ. ಸಾಲ ಮರದ ಗುಬ್ಬಿಗಳು ಹಾರಿಹೋಗುತ್ತಿದ್ದವು. ಅವನು ಅತ್ತದ್ದೇ ತಡ, ಮಗ್ದಲಿಯ ಎದೆ ಒದ್ದೆ, ಕಾಲು ಅವನತ್ತ ತಿರುಗುತ್ತಿತ್ತು. ಚೆಂಡಿನ ಮಾತಿರಲಿ, ದೇವರ ಮಾತನ್ನೂ ಆ ಕಾಲು ಕೇಳುತ್ತಿರಲಿಲ್ಲ.

ಕೊನೆಯ ಆಟಕ್ಕೆ ಎದುರು ನಿಂತದ್ದು ಪಿತ್ರಾಟೋಲಿಯೇ. ಅವರ ಗೋಲಿನಲ್ಲಿ ಕೋಲೂರಿ ನಿಂತವಳು ಮಗ್ದಲಿಯ ತಂಗಿ ಬಿಬಿಯಾನಾ. ಜಾಮ್‌ಟೋಲಿಯ ಗೋಲಿನ ಹಿಂದಿನ ಇಪ್ಪೆ ಮರದ ನೆರಳಲ್ಲಿ ಬುಧನಿ ಆಜಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಎಲೆದೊನ್ನೆಯಲ್ಲಿ ಅಕ್ಕಿಯ ಹೆಂಡ ಹಂಡಿಯಾ ಇಟ್ಟುಕೊಂಡು ಕೂತಳು.

ಸೀಟಿ ಊದಿದ್ದೇ ಮಗ್ದಲಿ ಮೂವರನ್ನು ದಾಟಿ ಹಾರಿದಳು. ಇನ್ನೇನು ಹೊಡೆಯಬೇಕು, ಇಪ್ಪೆ ಮರದಡಿಯಿಂದ "ಉವ್ವಾ!" ಕೇಳಿತು. ಮಗ್ದಲಿ ಚೆಂಡು ಅಲ್ಲೇ ಬಿಟ್ಟು ಹಿಂದಕ್ಕೆ ಓಡಿದಳು. ಬಿಟ್ಟ ಚೆಂಡನ್ನು ಪಿತ್ರಾಟೋಲಿಯವರು ಅವಳ ಪಕ್ಕದಲ್ಲೇ ಓಡಿಸಿಕೊಂಡು ಬಂದು ಗೋಲು ಹಾಕಿದರು.

"ಅತ್ತಿಗೇ!" ಸಿಲ್ವಂತಿ ಚೀರಿದಳು. "ಗೋಲು ಆ ಕಡೆ ಇರೋದು!"

"ಮಗು ಈ ಕಡೆ ಇರೋದು!"

"ಆಜಿ ಹಲ್ಲು ಅಲ್ಲಾಡ್ತಿದೆ ಅತ್ತಿಗೆ!"

"ಇವನದು ಹುಟ್ತಿದೆ, ಏನು ಮಾಡ್ಲಿ ಹೇಳು!"

ಅಳುವ ಮಗುವನ್ನು ಗೆದ್ದ ರಾಜನಿಲ್ಲ. ಸಿಲ್ವಂತಿ ಆಟಗಾರ್ತಿಯರ ಸಾಲನ್ನೇ ಹಿಂದುಮುಂದು ಮಾಡಿದಳು. ಮಗ್ದಲಿಯನ್ನು ಮುಂದಿನಿಂದ ಕಿತ್ತು ಗೋಲಿನ ಮುಂದೆ ನೆಟ್ಟಳು. ಅವಳ ಜಾಗಕ್ಕೆ, ಹುಟ್ಟಿದಾಗಿನಿಂದ ಹಿಂದೆಯೇ ನಿಂತು ಆಡಿದ್ದ ದಪ್ಪ ತೆರ್ಸಾಳನ್ನು ಕಳಿಸಿದಳು.

ತೆರ್ಸಾ ನಡುಗೆರೆಯ ತನಕ ಹೋಗಿ ನಿಂತಳು. "ಇದನ್ನ ದಾಟಬಹುದೇನೇ?"

"ದಾಟು ಮಾರಾಯ್ತಿ!"

"ಆ ಕಡೆ ಹೋಗಿ ಏನು ಮಾಡ್ಬೇಕು?"

"ಅಡುಗೆ ಮಾಡು! ಚೆಂಡು ಹೊಡಿಯೇ!"

ಮಗುವಿನ ಪಕ್ಕದಲ್ಲಿ ನಿಂತ ಮಗ್ದಲಿ ಕೋಟೆ ಬಾಗಿಲಾದಳು. ಒಂದು ಇರುವೆಯೂ ಒಳಗೆ ನುಸುಳಲಿಲ್ಲ. ಆದರೆ ಕೋಟೆ ಬಾಗಿಲು ದಂಡೆತ್ತಿ ಹೋಗುವುದುಂಟೆ? ಮುಂದೆ ತೆರ್ಸಾ ಚೆಂಡಿಗೆ ದಾರಿ ಬಿಟ್ಟುಕೊಡುತ್ತ ಮರ್ಯಾದೆಯಿಂದ ಆಡಿದಳು. ಅರ್ಧ ಆಟ ಮುಗಿದಾಗ ಒಂದು ಗೋಲಿನ ಸೋಲು ಹಾಗೇ ನಿಂತಿತ್ತು. ಗೂಟಕ್ಕೆ ಕಟ್ಟಿದ್ದ ಹೋತ ಜಾಮ್‌ಟೋಲಿಯವರನ್ನು ನೋಡಿ ಮೆಲುಕು ಹಾಕಿತು.

ಕಡೆ ಬದಲಾಯಿಸುವ ಹೊತ್ತು. ಸಿಲ್ವಂತಿ ಓಡಿ ಬಂದಳು. "ಏಳು ಆಜಿ, ನಮ್ಮ ಗೋಲು ಈಗ ಆ ತುದಿಗೆ."

"ಅಲ್ಲಿ ಬಿಸಿಲು."

"ಕೊಡೆ ಹಿಡಿಸ್ತೀನಿ."

"ದೊನ್ನೆ ಈಗ ತುಂಬಿಸ್ಕೊಂಡೆ. ನಾನು ಏಳೋದು ಹೋತ ತಿನ್ನೋಕೆ, ತಿಳ್ಕೊ."

"ನೀನು ಇಲ್ಲೇ ಇದ್ರೆ ಮಗು ಅವರ ಗೋಲಿನ ಹಿಂದೆ ಆಗುತ್ತೆ! ಅತ್ತಾಗ ಅತ್ತಿಗೆ ಇಲ್ಲಿಗೇ..."

ಮಾತು ಅಲ್ಲೇ ನಿಂತಿತು. ಸಿಲ್ವಂತಿ ಮಗುವನ್ನು ನೋಡಿದಳು, ಪಿತ್ರಾಟೋಲಿಯ ಗೋಲಿಗೆ ಬಂದು ನಿಲ್ಲುತ್ತಿದ್ದ ಬಿಬಿಯಾನಾಳನ್ನು ನೋಡಿದಳು. ಹೊಟ್ಟೆಯ ತಳದಿಂದ ನಗು ಬುಗ್ಗೆಯ ಹಾಗೆ ಎದ್ದಿತು. ಆಜಿಯ ಸುಕ್ಕು ಕೆನ್ನೆಗೆ ಮುತ್ತು ಕೊಟ್ಟಳು.

"ಕೂತಿರು ನನ್ನ ಚಿನ್ನ. ಯಾರೇ ಬಂದು ಎಬ್ಬಿಸಿದ್ರೂ ಏಳಬೇಡ!"

ತೆರ್ಸಾ ಹಾಡುತ್ತ ತನ್ನ ಹಳೆಯ ಜಾಗಕ್ಕೆ ಮರಳಿದಳು. ಮಗ್ದಲಿ ಮತ್ತೆ ಮುಂದಿನ ಸಾಲಿಗೆ ಬಂದಳು. ಸೀಟಿ ಕೇಳಿತು. ಮಾರ್ಕುಸ್ ಕಣ್ಣು ಬಿಟ್ಟು, ಅಮ್ಮ ಮೈದಾನದ ನಡುವೆ ಇರುವುದನ್ನು ಕಂಡು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ಬಿಟ್ಟ. ಮಗ್ದಲಿ ಹೊರಟಳು. ಅದು ಓಟವಲ್ಲ, ಕಟ್ಟೆ ಒಡೆದ ನೀರು. ಕೋಲಿಗೆ ಚೆಂಡು ಸಿಕ್ಕಿದ್ದು ಅವಳಿಗೇ ಗೊತ್ತಿತ್ತೋ ಇಲ್ಲವೋ. ಚೆಂಡೂ ಅವಳೂ ಒಟ್ಟಿಗೇ ಗೋಲಿನೊಳಗೆ ಬಂದರು. ಅವಳು ಅಲ್ಲಿಂದ ನೆಟ್ಟಗೆ ಇಪ್ಪೆ ಮರಕ್ಕೆ ಹೋಗಿ ಮಗುವನ್ನು ಎತ್ತಿಕೊಂಡಳು.

ಪಿತ್ರಾಟೋಲಿಯ ಹೆಂಗಸರು ತೀರ್ಪುಗಾರ ಅಮ್ರೋಸ್ ಮಾಸ್ಟರನ್ನು ಮುತ್ತಿದರು. "ಮಾಸ್ಟ್ರೇ, ಇದು ಮೋಸ! ಆ ಮಗು ಅವರ ಹನ್ನೆರಡನೇ ಆಳು!"

ಮಾಸ್ಟರ್ ಗಂಭೀರವಾಗಿ ಮರದಡಿ ನಡೆದರು. "ಮಗು ಗೆರೆ ಒಳಗೆ ಬಂತಾ?"

"ಇಲ್ಲ."

"ಕೈಯಲ್ಲಿ ಕೋಲಿತ್ತಾ?"

"ಆಜಿ ಕಿವಿ ಇತ್ತು."

"ಹಾಗಾದ್ರೆ ಗೋಲೇ. ಅಳೋದು ತಪ್ಪು ಅಂತ ಯಾವ ನಿಯಮದಲ್ಲೂ ಇಲ್ಲ. ಇದ್ದಿದ್ರೆ ಇಷ್ಟು ವರ್ಷ ಜಾಮ್‌ಟೋಲಿಯೋರು ಆಡೋಕೇ ಆಗ್ತಿರ್ಲಿಲ್ಲ."

ಮಗು ಮತ್ತೆ ಆಜಿಯ ಬೆನ್ನೇರಿತು, ಆಟ ಮುಂದುವರಿಯಿತು. ಪಿತ್ರಾಟೋಲಿಯವರೇನು ಕಡಿಮೆಯೇ? ಮಗು ಅತ್ತರೆ ತಾನೆ ತಾಯಿ ಓಡುವುದು! ಹಿಂದಿನ ಸಾಲಿನ ಇಬ್ಬರು ಆಟ ಬಿಟ್ಟು ಲಾಲಿ ಹಾಡತೊಡಗಿದರು. ಒಬ್ಬಳು ಸೆರಗಿನ ಗಂಟಿನಿಂದ ಬೆಲ್ಲ ತೆಗೆದು ನೆಕ್ಕಿಸಿದಳು. ಬಿಬಿಯಾನಾ ಗೋಲಿನಿಂದಲೇ ಕತ್ತು ತಿರುಗಿಸಿ, "ನನ್ನ ಬಂಗಾರ, ಚಿಕ್ಕಿ ಇಲ್ಲೇ ಇದ್ದೀನಿ ನೋಡು," ಎಂದು ನಾಲಿಗೆಯಲ್ಲಿ ಗೊಳ್ ಗೊಳ್ ಸದ್ದು ಮಾಡಿದಳು. ಬೆಲ್ಲ, ಲಾಲಿ, ಹಂಡಿಯಾ ಕುಡಿದು ತೂಗುತ್ತಿದ್ದ ಆಜಿಯ ಬೆನ್ನು. ಮಾರ್ಕುಸ್ ನಿದ್ದೆಗೆ ಜಾರಿದ.

ಮಗ್ದಲಿ ನಿಂತುಬಿಟ್ಟಳು. ಸಿಲ್ವಂತಿ ಹಣೆ ಚಚ್ಚಿಕೊಂಡಳು: ಹೋಯಿತು ಹೋತ, ಹೋಯಿತು ಹಲ್ಲು.

ಮಗ್ದಲಿ ಕಿವಿಗೊಟ್ಟಳು. "ಯಾಕೆ ಅಳ್ತಿಲ್ಲ?" ಎಂದಳು. "ಸಿಲ್ವಂತೀ, ಅವನು ಯಾಕೆ ಅಳ್ತಿಲ್ಲ?"

ಮಗು ಅತ್ತರೆ ತಾಯಿ ಓಡುತ್ತಾಳೆ; ಸುಮ್ಮನಾದರೆ ಹಾರುತ್ತಾಳೆ. ಸಿಲ್ವಂತಿ ತಳ್ಳಿದ ಚೆಂಡು ಅವಳ ಕೋಲಿಗೆ ತಾಗಿತಷ್ಟೆ. ಲಾಲಿ ಹಾಡುತ್ತಿದ್ದವರು ಎದ್ದು ಕೋಲು ಹುಡುಕುವಷ್ಟರಲ್ಲಿ ಮಗ್ದಲಿ ಗೋಲಿನ ಮುಂದಿದ್ದಳು. ಬಿಬಿಯಾನಾ ಅಕ್ಕನ ಕಡೆ ತಿರುಗಿ, ಕೋಲು ಕಂಕುಳಲ್ಲಿ ಸಿಕ್ಕಿಸಿ, ತುಟಿಗೆ ಬೆರಳಿಟ್ಟಳು.

"ಶ್! ಮೆಲ್ಲಗೆ ಬಾರೇ ಅಕ್ಕಾ! ಈಗಷ್ಟೇ ಮಲಗ್ದ!"

ಚೆಂಡು ಅವಳ ಮಾತು ಕೇಳಿದ ಹಾಗೆ, ಸದ್ದಿಲ್ಲದೆ, ಅವಳ ಕಾಲುಗಳ ನಡುವೆ ಉರುಳಿ ಹೋಯಿತು.

ಅಂಥ ಸಂಭ್ರಮವನ್ನು ಆ ಮೈದಾನ ಹಿಂದೆ ಕಂಡಿರಲಿಲ್ಲ. ಜಾಮ್‌ಟೋಲಿಗೆ ಜಾಮ್‌ಟೋಲಿಯೇ ತುದಿಗಾಲಲ್ಲಿ ಕುಣಿಯಿತು. ಬಾಯಿಗೆ ಸೆರಗು ತುರುಕಿಕೊಂಡು ಕಿರುಚಿದರು. ಮಾಂದರ್ ಬಾರಿಸುವವನು ಚರ್ಮಕ್ಕೆ ಬೆರಳು ತಾಗಿಸದೆ ಗಾಳಿಯಲ್ಲೇ ಬಾರಿಸಿದ. ತೆರ್ಸಾ ನಗು ತಡೆಯಲಾರದೆ ನೆಲದ ಮೇಲೆ ಉರುಳಿದಳು. ಅಮ್ರೋಸ್ ಮಾಸ್ಟರೊಬ್ಬರಿಗೆ ಮರೆತುಹೋಗಿ, ಆಟ ಮುಗಿದ ಸೀಟಿಯನ್ನು ಉದ್ದಕ್ಕೆ ಊದಿದರು.

"ಉವ್ವಾ!"

"ಮಾಸ್ಟ್ರೇ!" ಎರಡೂ ಊರು ಒಂದೇ ಬಾಯಲ್ಲಿ ಬೈದವು.

ಹೊತ್ತು ಇಳಿಯುವಷ್ಟರಲ್ಲಿ ಒಲೆಯ ಮೇಲೆ ಹಂಡೆ ಕುದಿಯಿತು. ಬೀಗರ ಊರೆಂದು ಪಿತ್ರಾಟೋಲಿಗೆ ಒಂದು ತೊಡೆ ಹೋಯಿತು. ಬದಲಿಗೆ ಬಿಬಿಯಾನಾ ಸೋತವರ ಪಾಲಿನ ಕೋಳಿಯನ್ನು ತಂದು ಹಂಡೆಯ ಪಕ್ಕದಲ್ಲಿ ಕಟ್ಟಿದಳು. ಮೊದಲ ತುಂಡನ್ನು ಸಿಲ್ವಂತಿ ಎಲೆಯಲ್ಲಿಟ್ಟು ಆಜಿಯ ಮುಂದೆ ಮಂಡಿಯೂರಿದಳು. ಆಜಿ ಅದನ್ನು ಎರಡು ಹಲ್ಲುಗಳ ನಡುವೆ ಜೋಪಾನವಾಗಿ ಕೂರಿಸಿ ಅಗಿಯತೊಡಗಿದಳು. ಊರೆಲ್ಲ ಅವಳ ಬಾಯನ್ನೇ ನೋಡಿತು. ಮಾರ್ಕುಸ್ ಕೂಡ ಅಮ್ಮನ ತೋಳಲ್ಲಿ ಬಾಯಿ ತೆರೆದು ನೋಡಿದ. ಆಜಿ ಅಗಿದಳು, ಅಗಿದಳು. ಕಣ್ಣಂಚಲ್ಲಿ ನೀರು ಮಿನುಗಿತು. ಕೊನೆಗೆ ನುಂಗಿ, ನಾಲಿಗೆಯಿಂದ ಮೇಲಿನ ಹಲ್ಲನ್ನು ತಡವಿದಳು. ಇತ್ತು.

"ಹೇಗಿದೆ ಆಜಿ?"

"ಉಪ್ಪು ಸಾಲದು," ಎಂದಳು ಆಜಿ, ಎಲೆಯನ್ನು ಮುಂದಕ್ಕೆ ತಳ್ಳುತ್ತ. "ಇನ್ನೊಂದು ಹಾಕು."