ಹತ್ತು ಸಾವಿರದ ಒಂಬತ್ತನೆಯವನು

ಬೀಗದ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಲೆಕ್ಕಪ್ಪ ಎಂದು ಛೇಡಿಸುತ್ತಿದ್ದರು. ಅವನಿಗೆ ಅದು ಒಳಗೊಳಗೇ ಖುಷಿ. ಗಣಿತದಲ್ಲಿ ಚಿನ್ನದ ಪದಕ ಗಳಿಸಿದ ಪುಣ್ಯಾತ್ಮ ಇಲ್ಲಿ ಗೋದಾಮಿನ ಬೀಗ ಎಣಿಸಿಕೊಂಡಿದ್ದ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ನಿರುದ್ಯೋಗಿ ಭಾವಮೈದುನ ಬೇರೆ ಸೋಫಾದ ಮೇಲೆ ಠಿಕಾಣಿ ಹೂಡಿದ್ದ. "ಯಜಮಾನ್ರಿಗೆ ಒಂದ್ಮಾತು ಹೇಳಿ ನನ್ನ ತಮ್ಮನ್ನೂ ಸೇರಿಸ್ರೀ" ಎಂಬುದು ಹೆಂಡತಿಯ ನಿತ್ಯದ ರಾಗ.

ಕಾರ್ಖಾನೆಗೆ ಐವತ್ತು ತುಂಬಿದಾಗ ಯಜಮಾನರಿಗೆ ಒಂದು ಹುಕಿ ಬಂತು. ನೌಕರರನ್ನೆಲ್ಲ ಮೈದಾನದಲ್ಲಿ ನಿಲ್ಲಿಸಿ ಮೇಲಿಂದ ಫೋಟೋ ತೆಗೆಸಬೇಕು. ಸಾಲುಗಳೆಲ್ಲ ಸಮ ಇರಬೇಕು, ಒಬ್ಬನೂ ಹೊರಗುಳಿಯಬಾರದು. ನೌಕರರೋ ಹತ್ತು ಸಾವಿರದ ಒಂಬತ್ತು. ಮ್ಯಾನೇಜರು ಬಿಸಿಲಲ್ಲಿ ಬೆವರು ಸುರಿಸಿ ಹತ್ತರ ಸಾಲು ಮಾಡಿಸಿದರೆ ಕೊನೆಯ ಸಾಲಿಗೆ ಒಂಬತ್ತೇ ಜನ. ಏಳರ ಸಾಲು ಮಾಡಿಸಿದರೆ ಆರೇ. ಹದಿಮೂರಕ್ಕೆ ಹನ್ನೆರಡೇ. ಕಡೆಗೆ ಸಭೆ ಸೇರಿಸಿ ಲೆಕ್ಕಪ್ಪನಿಗೆ ಹೇಳಿಕಳಿಸಿದರು.

ಲೆಕ್ಕಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಇವತ್ತು ತಲೆ ಓಡಿಸಿ ತೋರಿಸಿದರೆ ಕೆಲಸ ಕಾಯಂ ಆದ ಹಾಗೇ ಎಂದುಕೊಂಡ.

"ಇದು ಅವಿಭಾಜ್ಯ ಸಂಖ್ಯೆ ಸಾರ್. ಒಂದನ್ನ, ತನ್ನನ್ನ ಬಿಟ್ರೆ ಇನ್ಯಾವುದಕ್ಕೂ ಬಗ್ಗಲ್ಲ."

"ನನ್ನ ಕಾರ್ಖಾನೇಲಿ ಇದ್ಕೊಂಡು ಬಗ್ಗಲ್ಲ ಅಂದ್ರೇನು?" ಯಜಮಾನರು ಸಿಡುಕಿದರು. "ಎಲ್ಲಾ ಸಂಖ್ಯೇಲೂ ಭಾಗಿಸಿ ನೋಡಿದ್ಯಾ?"

"ನೂರರೊಳಗೆ ನೋಡಿದ್ರೆ ಸಾಕು ಸಾರ್. ನೂರಕ್ಕಿಂತ ದೊಡ್ಡದು ಭಾಗಿಸೋದಾದ್ರೆ ಅದರ ಜೋಡಿ ನೂರಕ್ಕಿಂತ ಚಿಕ್ಕದಿರಲೇಬೇಕು."

"ಅರ್ಧಂಬರ್ಧ ಕೆಲಸ ಮಾಡಿ ಮುಗೀತು ಅಂತಾನೆ, ನೋಡಿ ಸಾರ್" ಎಂದು ಮ್ಯಾನೇಜರು ಚುಚ್ಚಿದರು.

"ಒಂದೇ ಸಾಲು ಮಾಡಿದ್ರೆ?" ಯಜಮಾನರು ಕೇಳಿದರು.

"ಗೇಟು ದಾಟಿ ರೈಲ್ವೆ ಸ್ಟೇಷನ್ ಮುಟ್ಟುತ್ತೆ ಸಾರ್."

ಸಂಖ್ಯೆಯ ಮನವೊಲಿಸಲು ಒಂದು ಸಮಿತಿ ಮಾಡಬಹುದೇ ಎಂದು ಯಾರೋ ಕೇಳಿದರು. ಯಜಮಾನರು ಅದನ್ನೂ ಗಂಭೀರವಾಗಿ ಯೋಚಿಸುತ್ತಿದ್ದರು. ಲೆಕ್ಕಪ್ಪನಿಗೆ ಬಾಯಿ ಸುಮ್ಮನಿರಬೇಕಲ್ಲ!

"ಒಂದೇ ಒಂದು ಕಳೆದು ನೋಡಿ ಸಾರ್! ಎಪ್ಪತ್ತೆರಡು ಸಾಲು, ಸಾಲಿಗೆ ನೂರಾ ಮೂವತ್ತೊಂಬತ್ತು. ಮುತ್ತು ಪೋಣಿಸಿದ ಹಾಗಿರುತ್ತೆ!"

ಸಭೆ ಚಪ್ಪಾಳೆ ತಟ್ಟಿತು. ಯಜಮಾನರು ಎದ್ದು ಬಂದು ಅವನ ಬೆನ್ನು ತಟ್ಟಿದರು. ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ನೌಕರ ಅಂದ್ಮೇಲೆ ಫೋಟೋದಿಂದ ಹೊರಗುಳೀಬಾರದು. ಹಾಗಾಗಿ ಒಬ್ಬ ನೌಕರನೇ ಆಗಿರಬಾರದು. ಕಡೇಲಿ ಸೇರಿದವನು ಯಾರು?"

ಮ್ಯಾನೇಜರು ಪಟ್ಟಿ ನೋಡುವ ಗೋಜಿಗೂ ಹೋಗಲಿಲ್ಲ. "ಇವನೇ ಸಾರ್."

"ಎಂಥಾ ತ್ಯಾಗ!" ಯಜಮಾನರು ಮತ್ತೊಮ್ಮೆ ಅವನ ಬೆನ್ನು ತಟ್ಟಿದರು.

ಲೆಕ್ಕಪ್ಪ ಮನೆಗೆ ಬಂದು ಎಲ್ಲವನ್ನೂ ಹೇಳಿದ. ಆ ಸಂಖ್ಯೆ ಯಾಕೆ ಒಡೆಯುವುದಿಲ್ಲ ಎಂಬುದನ್ನೂ ಬಿಡದೆ ವಿವರಿಸಿದ, ಅದೊಂದೇ ಅವನಿಗೆ ಉಳಿದಿದ್ದ ಮರ್ಯಾದೆ. ಹೆಂಡತಿ ಕಣ್ಣೊರೆಸಿಕೊಂಡು ಪೂರ್ತಿ ಕೇಳಿಸಿಕೊಂಡಳು.

"ಅಲ್ಲಾರೀ, ಒಂದು ಕಳೆಯೋ ಬದಲು ಒಂದು ಕೂಡಿಸಿದ್ರೆ ಭಾಗ ಆಗ್ತಿರಲಿಲ್ವಾ?"

ಹತ್ತು ಸಾವಿರದ ಹತ್ತು. ಎರಡಕ್ಕೆ ಹೋಗುತ್ತದೆ. ಐದಕ್ಕೆ, ಏಳಕ್ಕೆ, ಹನ್ನೊಂದಕ್ಕೆ, ಹದಿಮೂರಕ್ಕೂ ಹೋಗುತ್ತದೆ. ಮೈದಾನದಲ್ಲಿ ಕೊನೆಯ ಸಾಲು ಪ್ರತಿಸಲವೂ ಬಾಯಿಬಿಟ್ಟು ಹೇಳಿತ್ತು, ಒಬ್ಬ ಕಡಿಮೆ, ಒಬ್ಬ ಕಡಿಮೆ ಎಂದು. ಲೆಕ್ಕಪ್ಪನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

"ಬನ್ನಿ ಭಾವ" ಎಂದು ಭಾವಮೈದುನ ಸೋಫಾದ ಮೇಲೆ ತುಸು ಸರಿದು ಜಾಗ ಮಾಡಿಕೊಟ್ಟ.