ಕಲ್ನಾರಿನ ಸುರುಳಿ

ರುದ್ರಯ್ಯನನ್ನು ಗೋಡೆಗೆ ಒರಗಿಸಿ ಕೂರಿಸಿ, ತಲೆ ವಾಲದಂತೆ ಹಣೆಗೆ ವಸ್ತ್ರ ಸುತ್ತಿ ಗೂಟಕ್ಕೆ ಬಿಗಿಯುತ್ತಿದ್ದಾಗಲೇ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಿವು ಬೈಕ್ ನಿಲ್ಲಿಸಿ ಒಳಗೆ ಓಡಿಬಂದ. ಚಪ್ಪಲಿ ಬಿಟ್ಟು ಹೆಣಕ್ಕೆ ಕೈಮುಗಿದ. ಮುಗಿದ ಕೈ ಇಳಿಸುವ ಮೊದಲೇ ಅವನ ಕಣ್ಣು ಸತ್ತವನ ಮಗ ಚಂದನ್‌ನನ್ನು ಹುಡುಕುತ್ತಿತ್ತು.

"ಪಂಪಿನ ಗ್ಲ್ಯಾಂಡ್ ಸುಟ್ಟೋಯ್ತು ಕಣೋ. ಶಾಫ್ಟಿನ ಹತ್ರ ನೀರು ಚಿಮ್ತಾ ಐತೆ, ಜೆಟ್ಟಿಗೆ ಏರ್ತಾನೇ ಇಲ್ಲ."

"ನಿನ್ನೆ ಚೆನ್ನಾಗಿತ್ತಲ್ಲ, ಹೆಂಗೆ ಸುಡ್ತು?"

ಶಿವು ತಲೆ ಕೆರೆದುಕೊಂಡ. "ತೊಟ್ಟಿಕ್ತಿತ್ತು. ನೀರು ಯಾಕೆ ದಂಡ ಅಂತ ನಟ್ಟು ಸ್ವಲ್ಪ ಬಿಗಿ ಮಾಡ್ದೆ."

ಹೆಣದ ಪಕ್ಕ ಕೂತಿದ್ದ ಸುಲೋಚನಮ್ಮನಿಗೆ ಆ ದುಃಖದಲ್ಲೂ ಮೈ ಉರಿಯಿತು. ಎಸ್ಟೇಟಿನ ಪಂಪು, ಬಾಯ್ಲರು ನೋಡಿಕೊಳ್ಳುತ್ತಿದ್ದ ಗಂಡ ಬದುಕಿದ್ದರೆ ಈ ಮಾತು ಕೇಳಿ ಶಿವುವಿನ ಕಿವಿ ಹಿಂಡುತ್ತಿದ್ದ. ಪಂಪಿನಿಂದ ಶಾಫ್ಟು ಹೊರಬರುವಲ್ಲಿ ಹಗ್ಗ ತುಂಬಿದ ಆ ಗ್ಲ್ಯಾಂಡು ತೊಟ್ಟಿಕ್ಕಬೇಕು, ಆ ತೊಟ್ಟೇ ಅದನ್ನು ತಣ್ಣಗಿಡುವುದು, ಬಿಗಿದು ಒಣಗಿಸಿದರೆ ಒಳಗಿನ ಹಗ್ಗವೂ ಸುಟ್ಟು ಶಾಫ್ಟೂ ತಿಂದುಹೋಗುತ್ತದೆ. ಇದನ್ನು ಅವನು ಎಷ್ಟು ಜನಕ್ಕೆ ಹೇಳಿದ್ದನೋ! ಹೇಳುವವನ ಬಾಯಿ ಮುಚ್ಚಿದ ದಿನವೇ ನಟ್ಟಿಗೆ ಸ್ಪ್ಯಾನರ್ ಬಿದ್ದಿತ್ತು.

"ಬೆಂಕಿ ಬಿದ್ದ ಮನೇಲಿ ಗಳ ಹಿರಿಯೋಕೆ ಬಂದ್ಯೇನೋ?" ಎಂದು ಯಾರೋ ಹಿರಿಯರು ಗದರಿದರು.

"ನಾನೇನ್ ಮಾಡ್ಲಿ ಮಾರಾಯ್ರೇ? ಹೂವಿನ ನೀರು ಅರ್ಧಕ್ಕೆ ನಿಂತದೆ."

ಕಾಫಿ ಮೊಗ್ಗಿಗೆ ಜೆಟ್ಟಿನ ತುಂತುರು ನೀರು ಬಿದ್ದರೆ ಪೂರ್ತಿ ಬೀಳಬೇಕು. ಅರೆಬರೆ ಬಿದ್ದರೆ ಹೂವು ಅರಳದೆ ಕರಟಿ ಉದುರುತ್ತದೆ. ಆ ತೋಟವನ್ನೇ ನಂಬಿದವರು ಅರ್ಧ ಊರು.

ಚಂದನ್ ಬೆಳಗೋಡಿನ ವೆಲ್ಡಿಂಗ್ ಶಾಪಿನಲ್ಲಿ ದುಡಿಯುವವನು. ಬಿಡುವಿದ್ದಾಗ ಅಪ್ಪನ ಪಕ್ಕ ಕೂತು ಗ್ಲ್ಯಾಂಡ್ ತುಂಬುವುದನ್ನು ಕಲಿತಿದ್ದ. ಅವನು ಕಣ್ಣೊರೆಸಿಕೊಂಡು ಎದ್ದ. "ಕುಂದೂರಿಂದ ಕ್ರಿಯೆ ಮಾಡ್ಸೋ ಅಯ್ಯನವರು ಬರೋದು ಇನ್ನೂ ಹೊತ್ತಾಗ್ತದೆ. ಅಪ್ಪನ ಹಗ್ಗದ ಸುರುಳಿ ಅಟ್ಟದ ಮೇಲೈತೆ. ಹಾಕಿ ಬಂದ್ಬುಡ್ತೀನಿ."

ಸುಲೋಚನಮ್ಮ ತಟ್ಟನೆ ತಲೆ ಎತ್ತಿ ಮಗನನ್ನು ನೋಡಿದಳು.

* * *

ಅಂಗಡಿಯವರ ಬಾಯಲ್ಲಿ ಆಸ್ಬೆಸ್ಟಾಸ್ ಆಗಿದ್ದ ಆ ಹಗ್ಗವನ್ನು ರುದ್ರಯ್ಯ ಕಲ್ನಾರು ಎಂದೇ ಕರೆಯುತ್ತಿದ್ದ. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ತೋರಿಸಿ ಬೀಗಿದ್ದ. "ಕಲ್ಲಿಂದ ನಾರು ತೆಗೆದವ್ರೆ ಕಣೇ. ಬೆಂಕಿಗೆ ಹಾಕು, ಸುಡಲ್ಲ. ನೀರಿಗೆ ಹಾಕು, ಕೊಳೆಯಲ್ಲ." ಒಲೆಗೆ ಇಟ್ಟು ತೆಗೆದೂ ತೋರಿಸಿದ್ದ. ಅವಳು ಬೆರಗಾದಳು. ಅವನಿಗೆ ಬೇಕಾದದ್ದೂ ಅದೇ.

ಕಾಫಿ ಒಣಗಿಸುವ ಬಾಯ್ಲರಿನ ವಾಲ್ವಿಗೂ ಅದೇ ಹಗ್ಗ, ಕೆರೆಯ ಪಂಪಿಗೂ ಅದೇ ಹಗ್ಗ. ಉಗಿಗೆ ಅದು ಬೇಕಿತ್ತು, ತಣ್ಣೀರಿಗೆ ಬೇಕಿರಲಿಲ್ಲ. ಆದರೂ ನಂಬಿದ ದೇವರನ್ನು ಬದಲಾಯಿಸುವ ಜಾತಿಯವನಲ್ಲ ಅವನು. ಶಾಫ್ಟಿಗೆ ಸುತ್ತಿ ಅಳತೆ ನೋಡಿ, ಓರೆಯಾಗಿ ಕತ್ತರಿಸಿ, ಬಳೆಯಂತೆ ಬಾಗಿಸಿ ಒಂದೊಂದನ್ನೇ ಒಳಗೆ ಕೂರಿಸುತ್ತಿದ್ದ. ಒಂದರ ತುದಿ ಕೂಡುವ ಜಾಗ ಮೇಲಾದರೆ ಇನ್ನೊಂದರದು ಕೆಳಗೆ. ಹಳೆಯದನ್ನು ಕೆರೆದು ತೆಗೆಯುವಾಗ ಬಿಳಿ ಪುಡಿ ಮುಖಕ್ಕೆ ಹಾರುತ್ತಿತ್ತು. ಅದನ್ನು ಉಫ್ ಎಂದು ಊದಿ, ನಗುತ್ತಿದ್ದ. ಮನೆಗೆ ಬಂದಾಗ ಅವನ ಮೀಸೆ ಹಿಟ್ಟಿನ ಗಿರಣಿಯವನ ಮೀಸೆಯ ಹಾಗೆ ಬೆಳ್ಳಗಿರುತ್ತಿತ್ತು. ಅವನ ಅಂಗಿಯನ್ನು ಬಾವಿಕಟ್ಟೆಯಲ್ಲಿ ಕೊಡವಿ ಒಗೆಯುತ್ತಿದ್ದವಳು ಸುಲೋಚನಮ್ಮ.

* * *

ಚಂದನ್ ಅಟ್ಟದಿಂದ ಸುರುಳಿ ಇಳಿಸುವಷ್ಟರಲ್ಲಿ ಸಕಲೇಶಪುರದಿಂದ ಅಕ್ರಂ ಬಂದ. ಪಂಪು, ಪೈಪು ಮಾರುವವನು. ರುದ್ರಯ್ಯನ ಹಳೆಯ ಸ್ನೇಹಿತ. ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದು ಕೈಯಲ್ಲಿ ಕಾಗದದ ಪೊಟ್ಟಣ. ಹಾರ ಹಾಕಿ ಸ್ವಲ್ಪ ಹೊತ್ತು ಬಿಕ್ಕಿದ. ಆಮೇಲೆ ಪೊಟ್ಟಣವನ್ನು ಚಂದನ್‌ಗೆ ಚಾಚಿದ.

"ಶಿವು ಫೋನ್ ಮಾಡಿದ್ದ. ಗ್ರ್ಯಾಫೈಟ್ ಹಗ್ಗ ತಂದಿದೀನಿ, ಇದನ್ನ ಹಾಕಪ್ಪ. ತಣ್ಣೀರಿಗೆ ಇದೇ ಸರಿ. ಆ ಹಳೇ ಮಾಲು ಬ್ಯಾಡ, ನಾನು ತರಿಸೋದೇ ಬಿಟ್ಬುಟ್ಟಿದೀನಿ. ಒಳ್ಳೇದಲ್ಲ ಅಂತಾರೆ."

"ಸಾವಿನ ಮನೇಲೂ ವ್ಯಾಪಾರನಾ ಅಕ್ರಂ ಅಣ್ಣ?"

ಅಕ್ರಂನ ಮುಖ ಕಪ್ಪಿಟ್ಟಿತು. "ದುಡ್ಡು ಯಾರು ಕೇಳಿದ್ರು ನಿನ್ನ?"

"ನಮ್ಮಪ್ಪ ಜೀವನೆಲ್ಲಾ ಇದನ್ನೇ ಹಾಕಿದ್ದು. ಅವ್ರು ಕೂತಿರೋವಾಗ್ಲೇ ಬೇರೆದು ಹಾಕಿ ಅವಮಾನ ಮಾಡ್ಲಾ?" ಚಂದನ್ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪನ ಹಾಗೆಯೇ, ತುದಿಯ ಎಳೆ ಬಿಡಿಸತೊಡಗಿದ. ಬಾಗಿಲ ಬಿಸಿಲಿನಲ್ಲಿ ಸಣ್ಣ ಧೂಳು ಎದ್ದಿತು.

ಸುಲೋಚನಮ್ಮನಿಗೆ ಕೂಗಬೇಕೆನಿಸಿತು. ಗಂಡನಿಗೆ ಕೊಟ್ಟ ಮಾತು ಅಡ್ಡ ನಿಂತಿತು.

* * *

ಹಾಸನದ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದ್ದರು. ರುದ್ರಯ್ಯ ಕಲ್ನಾರಿನ ವಿಷಯ ಹೇಳಿದ್ದ. ಆ ನಾರಿನ ಧೂಳು ಒಳಗೆ ಹೋದರೆ ಹೊರಗೆ ಬರುವುದಿಲ್ಲ, ವರ್ಷಗಟ್ಟಲೆ ಸುಮ್ಮನಿದ್ದು ಆಮೇಲೆ ಉಸಿರು ಕಟ್ಟಿಸುತ್ತದೆ ಎಂದರು. ಮನೆಯಲ್ಲಿದ್ದರೆ ಒಣಗಿದ್ದನ್ನು ಮುಟ್ಟಬೇಡಿ, ನೆನೆಸಿ, ಮಣ್ಣಲ್ಲಿ ಹೂತುಬಿಡಿ ಎಂದೂ ಹೇಳಿದರು.

ಬಸ್ಸಿನಲ್ಲಿ ರುದ್ರಯ್ಯ ಆಲೂರು ದಾಟುವವರೆಗೂ ಕಿಟಕಿಯಾಚೆಯೇ ನೋಡುತ್ತಿದ್ದ. ಆಮೇಲೆ ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ಅವಳ ಕೈ ಇಡಿಸಿಕೊಂಡ.

"ಲಿಂಗದಾಣೆ ಮಾಡು. ಯಾರಿಗೂ ಹೇಳ್ಬ್ಯಾಡ, ಚಂದನ್‌ಗೂ."

"ಯಾಕ್ರೀ?"

"ಅನ್ನ ಕೊಟ್ಟ ಕಸುಬು ಕಣೇ. ಅದೇ ನನ್ನ ತಿಂತು ಅಂತ ಊರು ಆಡ್ಕೋಬಾರ್ದು. ಮಗ ನನ್ನ ಕೆಲಸ ನೋಡಿ ಹೇಸ್ಬಾರ್ದು." ಕೆಮ್ಮು ತಡೆದುಕೊಂಡು ಸೇರಿಸಿದ, "ಡಾಕ್ಟ್ರಿಗೇನ್ ಗೊತ್ತು, ಬಿಡು."

ಅವಳು ಆಣೆ ಮಾಡಿದಳು. ಸಾಯುವವನ ಕಣ್ಣು ಹಾಗೆ ಬೇಡುತ್ತಿರುವಾಗ ಇನ್ನೇನು ಮಾಡುವುದು?

* * *

ಹೆಣ ಎತ್ತುವವರೆಗೆ ಹೆಂಡತಿ ಪಕ್ಕದಿಂದ ಏಳಬಾರದು. ಸುಲೋಚನಮ್ಮ ಎದ್ದಳು. ಹೆಂಗಸರು "ಅಯ್ಯೋ, ಕೂತ್ಕೊಳೇ" ಎಂದು ಸೆರಗು ಹಿಡಿದು ಎಳೆದರು. ಕೊಸರಿಕೊಂಡು ಹೋಗಿ ಮಗನ ತೊಡೆಯ ಮೇಲಿದ್ದ ಸುರುಳಿಗೆ ಕೈ ಹಾಕಿದಳು.

"ಇದು ನಿಂಗಲ್ಲ. ಅವರ ಜೊತೆಗೇ ಗುಂಡಿಗೆ ಹೋಗ್ಬೇಕು."

"ಅಪ್ಪ ಹಂಗಂತ ಹೇಳಿದ್ರಾ?"

"ಹೇಳಿದ್ರು." ಸುಳ್ಳು. ಗಂಡ ಎದುರಿಗೇ ಕೂತಿದ್ದ.

ಆಗಷ್ಟೇ ಹೊಸಿಲು ದಾಟಿದ್ದ ಅಯ್ಯನವರು ಈ ಮಾತು ಕೇಳಿ ನಿಂತರು. "ಲಿಂಗ, ವಿಭೂತಿ, ಪತ್ರೆ. ಇವಿಷ್ಟು ಬಿಟ್ರೆ ಒಳಕ್ಕೆ ಇನ್ನೇನೂ ಹೋಗಂಗಿಲ್ಲ ತಾಯಿ. ಕಂಡಿಲ್ಲ, ಕೇಳಿಲ್ಲ."

ಚಂದನ್ ಸುರುಳಿಯ ಆಚೆ ತುದಿಯನ್ನು ಬಿಟ್ಟಿರಲಿಲ್ಲ. ಈಗ ಸೋತರೆ ಮಗನೂ ಅದೇ ದಾರಿ ಹಿಡಿಯುತ್ತಾನೆ ಎಂದು ಅವಳಿಗೆ ಗೊತ್ತಿತ್ತು.

"ಅದು ಅವರ ಕಾಯಕ, ಅಯ್ಯನವರೇ," ಎಂದಳು. "ಕಾಯಕ ಲಿಂಗಕ್ಕಿಂತ ಬೇರೆನಾ? ನೀವೇ ಹೇಳಿ."

ಅಯ್ಯನವರು ಎಷ್ಟೋ ಮನೆಗಳ ಮುಂದೆ ಈ ಮಾತನ್ನು ತಾವೇ ಹೇಳಿದ್ದವರು. ಈಗ ಅದು ತಿರುಗಿ ಅವರ ಬಳಿಗೇ ಬಂದಿತ್ತು. ಹೆಣವನ್ನೂ ಅವಳನ್ನೂ ನೋಡಿ, "ಪಾದದ ಹತ್ರ ಇಡಿ," ಎಂದರು.

ಚಂದನ್ ಕೈ ಬಿಟ್ಟ. ಅಕ್ರಂ ತಂದ ಪೊಟ್ಟಣ ಎತ್ತಿಕೊಂಡು ಶಿವುವಿನ ಬೈಕ್ ಹತ್ತಿದ.

ಸುಲೋಚನಮ್ಮ ಸುರುಳಿಯನ್ನು ಗೋಣಿಚೀಲಕ್ಕೆ ತುಂಬಿ ಅಂಗಳದಲ್ಲಿಟ್ಟು, ಕೊಡದ ಮೇಲೆ ಕೊಡ ನೀರು ಸುರಿದಳು. ನೋಡುತ್ತಿದ್ದ ಹೆಂಗಸರು, "ಗಂಡನ ಹಗ್ಗಕ್ಕೂ ಸ್ನಾನ ಮಾಡಿಸ್ತಾವ್ಳಲ್ಲಪ್ಪ!" ಎಂದು ಬಾಯಿಗೆ ಸೆರಗಿಟ್ಟು ಅತ್ತರು. ಅಳಲಿ ಎಂದು ಬಿಟ್ಟಳು.

ಗುಂಡಿಯ ಹತ್ತಿರ ಜನ ಸೇರಿದಾಗ ಚಂದನ್ ವಾಪಸಾದ. ಅಂಗೈ ತುಂಬಾ ಗ್ರ್ಯಾಫೈಟಿನ ಕಪ್ಪು.

"ತೊಟ್ಟಿಕ್ತಾ ಐತಾ?" ಎಂದು ಕೇಳಿದಳು.

"ಐತೆ ಕಣವ್ವ. ಜೆಟ್ಟೂ ತಿರುಗ್ತಾವೆ." ಅದೇ ಕೈಯಲ್ಲಿ ವಿಭೂತಿ ತೆಗೆದುಕೊಂಡು ಅಪ್ಪನ ಮೇಲೆ ಹಾಕಿದ. ಒದ್ದೆ ಗೋಣಿಯ ಮೇಲೆ ಮಣ್ಣು ಬಿತ್ತು. ಕೊನೆಯ ಮಂಕರಿ ಮಣ್ಣು ಬೀಳುವವರೆಗೂ ಸುಲೋಚನಮ್ಮ ಅಲ್ಲಿಂದ ಕದಲಲಿಲ್ಲ. ಆಣೆ ಮುರಿಯಲಿಲ್ಲ, ಮಗನೂ ಉಳಿದ. ಅಂದು ಮೊದಲ ಸಲ ಅವಳು ಮನಸ್ಸು ಬಿಚ್ಚಿ ಅತ್ತಳು.

ಸಂಜೆ ಮಿಂದು ಕೂತಿದ್ದಾಗ ಎಸ್ಟೇಟಿನ ಕೂಲಿ ಲೈನಿನ ಕೆಂಚಮ್ಮ ಹಣತೆ, ಎಣ್ಣೆ ಹಿಡಿದು ಬಂದಳು. ಹೆಣ ಕೂರಿಸಿದ್ದ ಜಾಗದಲ್ಲಿ ದೀಪ ಹಚ್ಚಬೇಕಲ್ಲ. ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಎಲೆಯಡಿಕೆ ಚೀಲದಿಂದ ಬಿಳಿಯ ಹಗ್ಗದ ತುಂಡೊಂದನ್ನು ತೆಗೆದು ಎಳೆ ಎಳೆಯಾಗಿ ಬಿಡಿಸತೊಡಗಿದಳು.

"ಹತ್ತಿ ಬತ್ತಿ ಬೆಳಗಿನವರೆಗೂ ನಿಲ್ಲಾಕಿಲ್ಲ ಕಣವ್ವ. ಇದು ನಿಮ್ಮೆಜಮಾನ್ರು ಕೊಟ್ಟಿದ್ದು, ಎಷ್ಟ್ ಉರಿದ್ರೂ ಸವೆಯಾಕಿಲ್ಲ. ಪುಣ್ಯಾತ್ಮ, ಲೈನಿನಾಗೆ ಒಂದ್ ಮನೇನೂ ಬಿಡ್ದಂಗೆ ಕೊಟ್ಟವ್ರೆ."

ಎಳೆಗಳನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಹೊಸೆದು, ಹಣತೆಗೆ ಇಳಿಸಿ ಕಡ್ಡಿ ಗೀರಿದಳು. ದೀಪ ನೆಟ್ಟಗೆ ನಿಂತಿತು. ಕೆಂಚಮ್ಮ ಬೆರಳಿಗಂಟಿದ ಬಿಳಿ ನವಿರನ್ನು ಉಫ್ ಎಂದು ಊದಿದಳು. ಅದು ದೀಪದ ಬಿಸಿಗೆ ಮೇಲೆದ್ದು, ಅವಳ ಮುಖದ ಮುಂದೆಯೇ ತೇಲತೊಡಗಿತು.